ಸೊನ್ನೆಯಾದರೆ?

"ಅಡ್ಡ ಮಾಡಿ, ಇನ್ನೂ ಸ್ವಲ್ಪ ಅಡ್ಡ," ಎನ್ನುತ್ತ ಸರಾಸರಿಯವರು ಏದುಸಿರು ಬಿಟ್ಟರು. ಮೇಜಿನ ಒಂದು ತುದಿ ಅವರ ಕೈಯಲ್ಲಿತ್ತು, ಇನ್ನೊಂದು ತುದಿ ಅತ್ತಿಗೆಯ ತಮ್ಮನ ಕೈಯಲ್ಲಿ. ಮೇಜು ಮಾತ್ರ ಬಾಗಿಲಿಗೆ ಸಿಕ್ಕಿಕೊಂಡು ಆಚೆಗೂ ಹೋಗದೆ ಈಚೆಗೂ ಬಾರದೆ ಹಟ ಹಿಡಿದಿತ್ತು. ಮಲಗುವ ಕೋಣೆಯಿಂದ ಅದನ್ನು ತೆಗೆಯದ ಹೊರತು ತೀರಿಕೊಂಡ ಮೇಷ್ಟ್ರನ್ನು ಹೊರಗೆ ತರುವಂತಿರಲಿಲ್ಲ. ಬೀದಿಯಲ್ಲಿ ಗಾಡಿ ಬಂದು ನಿಂತಾಗಿತ್ತು.

"ಸರ್, ಕಾಲು ಬಿಚ್ಚಬಹುದು," ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ.

"ಯಾವ ಕಾಲು?"

"ಮೇಜಿನದು ಸರ್. ಒಳಗಡೆ ತಿರುಪು ಇದೆ, ಕೈಯಲ್ಲೇ ತಿರುಗುತ್ತೆ."

ಮೇಷ್ಟ್ರ ಕೊನೆಯ ವಿದ್ಯಾರ್ಥಿನಿ ಕೆಳಗೆ ಕೂತು ಒಂದೊಂದಾಗಿ ಕಾಲು ಬಿಚ್ಚಿದಳು. ಉಳಿದ ಹಲಗೆ ತೆಪ್ಪಗೆ ಬಾಗಿಲು ದಾಟಿತು.

ಸರಾಸರಿ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಮನುಷ್ಯನಿಗೆ ಇನ್ನೇನು ಹೆಸರಿಟ್ಟಾರು. ತೀರಿಕೊಂಡವರಿಗೂ ಒಂದು ಇಟ್ಟಿದ್ದರು, ಚೌಕದ ಮೇಷ್ಟ್ರು. ಅವರದು ಪಕ್ಕದ ಗಣಿತ ವಿಭಾಗ, ಮಾತೃಕೆಗಳ, ಅಂದರೆ ಮ್ಯಾಟ್ರಿಕ್ಸ್‌ಗಳ, ಪಾಠ. ಚೌಕ ಬರೆಯುವುದು, ಅದರ ಮನೆಗಳಲ್ಲಿ ಸಂಖ್ಯೆ ತುಂಬುವುದು, ಇದರಲ್ಲೇ ಅವರ ಆಯುಷ್ಯ ಕಳೆದಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದದ್ದು ಈ ಮೇಜಿನ ಮೇಲೆ, ಸರಾಸರಿಯವರ ಎದುರು. ಯಾವ ಮೂಲೆಯಲ್ಲಿ ಲೋಟ ಇಟ್ಟರೆ ಅಲುಗಾಡುತ್ತದೆ ಎಂಬುದು ಸರಾಸರಿಯವರಿಗೆ ಗೊತ್ತಿತ್ತು. ಕಾಲು ಬಿಚ್ಚಲು ಬರುತ್ತದೆ ಎಂಬುದು ಗೊತ್ತಿರಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿಗೆ ಗೊತ್ತಿತ್ತು. ಸಾವಿನ ಮನೆಯಲ್ಲಿ ಹೊಟ್ಟೆಕಿಚ್ಚು ಪಡಬಾರದು ಎನ್ನುತ್ತಾರೆ. ಅನ್ನಲಿ. ಸರಾಸರಿಯವರ ಹೊಟ್ಟೆ ಚೆನ್ನಾಗಿಯೇ ಉರಿಯಿತು.

"ಇದನ್ನ ಯಾವಾಗ ಒಳಗೆ ತಂದಿದ್ದು?" ಎಂದು ಕೇಳಿದರು.

"ಸರ್‌ಗೆ ಎದ್ದು ಓಡಾಡೋಕೆ ಆಗದೇ ಹೋದಾಗ. ಮಂಚದ ಪಕ್ಕಕ್ಕೆ ಹಾಕ್ಕೊಂಡ್ವಿ. ಅವರು ಮಲಗಿಕೊಂಡೇ ಹೇಳೋರು, ನಾನು ಬರ್ಕೊಳ್ತಿದ್ದೆ."

"ಏನನ್ನ?"

"ಖಾಲಿ ಮನೆ ಲೆಕ್ಕ ಸರ್. ಹೋದ ತಿಂಗಳು ಮುಗೀತು."

ಸರಾಸರಿಯವರ ಕೈಯ ಹಲಗೆ ಕಾಲ ಮೇಲೆ ಬೀಳುವುದೊಂದು ಬಾಕಿ. ಖಾಲಿ ಮನೆ ಲೆಕ್ಕ ಅವರದು. ಅವರು ತಂದದ್ದು, ಅವರಿಬ್ಬರೂ ಸೇರಿ ಸಾಕಿದ್ದು. ಅದನ್ನು ಈ ಹುಡುಗಿಯ ಜೊತೆ ಮುಗಿಸಿ, ಒಂದು ಮಾತೂ ಹೇಳದೆ ಮನುಷ್ಯ ಹೊರಟುಬಿಟ್ಟಿದ್ದ.

ಮೇಷ್ಟ್ರನ್ನು ತಂದು ಹಜಾರದಲ್ಲಿ ಮಲಗಿಸಿದರು. ಜನ ಬಂದು ನೋಡಿ, ಕೈಮುಗಿದು, ಚಪ್ಪಲಿ ಹುಡುಕಿಕೊಂಡು ಹೋಗುತ್ತಿದ್ದರು. ಅತ್ತಿಗೆ ತಲೆಯ ಕಡೆ ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರ ಹೆಂಡತಿಯನ್ನು ಸರಾಸರಿಯವರು ಮೊದಲ ದಿನದಿಂದಲೂ ಕರೆದದ್ದು ಅತ್ತಿಗೆ ಎಂದೇ. ಆಕೆಯ ತಮ್ಮ ಬೀಗ, ಚಿಲಕ ಮಾರುವ ಅಂಗಡಿಯವನು. ಬಂದವರಿಗೆಲ್ಲ ಉತ್ತರ ಹೇಳಿ ಅವನಿಗೆ ಸಾಕಾಗಿತ್ತು.

"ಅಕ್ಕಾ, ಎಲ್ಲರೂ ಕೇಳ್ತಾರೆ, ಭಾವ ಅಷ್ಟು ವರ್ಷ ಒಳಗೆ ಕೂತು ಏನು ಮಾಡ್ತಿದ್ರು ಅಂತ. ಏನು ಹೇಳ್ಲಿ?"

"ನನ್ನನ್ನ ಯಾಕೆ ಕೇಳ್ತೀಯ? ನನ್ನ ಸವತಿ ಅಲ್ಲೇ ಕೂತಿದ್ದಾರೆ, ಕೇಳು," ಎಂದರು ಅತ್ತಿಗೆ, ತಿರುಗಿಯೂ ನೋಡದೆ.

ಸರಾಸರಿಯವರ ಮೇಲಿನ ಈ ಮಾತು ಆ ಮನೆಯಲ್ಲಿ ಹಳೆಯದು. ಆದರೂ ಬಾಗಿಲ ಬಳಿ ನಿಂತಿದ್ದ ಹುಡುಗಿ ಬೆಚ್ಚಿ ತಲೆ ಎತ್ತಿದಳು. ಸರಾಸರಿಯವರು ಕುರ್ಚಿ ಹತ್ತಿರ ಎಳೆದುಕೊಂಡರು.

"ಒಂದು ಚೌಕ ಅಂದ್ಕೊಳ್ಳಿ. ಮೇಲೆ ಜನರ ಹೆಸರು, ಪಕ್ಕದಲ್ಲೂ ಅದೇ ಜನರ ಹೆಸರು. ಯಾರಿಗೆ ಯಾರು ಎಷ್ಟು ಹೊಂದ್ತಾರೆ ಅನ್ನೋದು ಒಳಗಿನ ಮನೇಲಿ ಬರೀತೀವಿ. ಕೆಲವು ಮನೆ ಖಾಲಿ ಇರುತ್ತೆ, ಯಾರೂ ಅಳೆದಿರಲ್ಲ. ಅಲ್ಲಿ ಏನಿರಬಹುದು ಅಂತ ಹೇಳ್ಬೇಕು."

"ಏನು ಬೇಕಾದ್ರೂ ಇರಬಹುದಲ್ವಾ?"

"ಇರೋ ಹಾಗಿಲ್ಲ. ನೀವು ಒಬ್ಬರಿಗೆ ತುಂಬಾ ಹತ್ತಿರ, ಇನ್ನೊಬ್ಬರೂ ಅವರಿಗೆ ಅಷ್ಟೇ ಹತ್ತಿರ. ಅಂದ ಮೇಲೆ ನೀವಿಬ್ಬರೂ ಪೂರ್ತಿ ಹಾವು ಮುಂಗುಸಿ ಆಗೋಕೆ ಲೆಕ್ಕ ಬಿಡಲ್ಲ. ಎಷ್ಟರವರೆಗೆ ಬಿಡುತ್ತೆ ಅನ್ನೋದೇ ನಿಮ್ಮ ಭಾವನ ಕೆಲಸ."

ಅಂಗಡಿಯವನು ಗಲ್ಲ ಕೆರೆದುಕೊಂಡ. "ನನ್ನ ಹೆಂಡ್ತಿ, ನಮ್ಮಮ್ಮ, ಇಬ್ಬರೂ ನನಗೆ ಹತ್ತಿರಾನೇ. ಅಮ್ಮ ಇದ್ದಾಗ ನೀವೊಂದು ಸಲ ನಮ್ಮನೆಗೆ ಬಂದು ನೋಡ್ಬೇಕಿತ್ತು."

"ಹಾಗಾದ್ರೆ ಇಬ್ಬರಲ್ಲಿ ಒಬ್ಬರು ನೀವು ಅಂದ್ಕೊಂಡಷ್ಟು ಹತ್ತಿರ ಇರ್ಲಿಲ್ಲ ಅಂತ ಅರ್ಥ."

ಅತ್ತಿಗೆ ಅಳುವ ಮುಖದಲ್ಲೇ ನಕ್ಕುಬಿಟ್ಟರು. ಆಮೇಲೆ ಗಂಡನ ಮುಖ ನೋಡಿ ನಗು ನುಂಗಿಕೊಂಡರು.

*

ಸರಾಸರಿಯವರು ಮೊದಲ ಸಲ ಆ ಮನೆಗೆ ಬಂದದ್ದು ಒಂದು ಕೋಷ್ಟಕ ಹಿಡಿದುಕೊಂಡು. ಯಾವುದೋ ಆಸ್ಪತ್ರೆಯವರು ಕೊಟ್ಟದ್ದು. ರೋಗಿಗಳ ತೂಕ, ರಕ್ತದೊತ್ತಡ, ನಿದ್ದೆ, ಉಸಿರು ಎಲ್ಲದರ ಸಂಬಂಧ ಬರೆದಿತ್ತು, ಮನೆಗಳು ಮಾತ್ರ ಅಲ್ಲಲ್ಲಿ ಖಾಲಿ. ಚೌಕದ ಮೇಷ್ಟ್ರು ಅದನ್ನು ನೋಡಿದ ರೀತಿ ಹಸಿದವನು ತಟ್ಟೆ ನೋಡಿದ ಹಾಗಿತ್ತು.

"ಬಿಟ್ಟು ಹೋಗಿ, ನೋಡಿ ಹೇಳ್ತೀನಿ," ಎಂದರು.

"ಬಿಟ್ಟು ಹೋದ್ರೆ ನಿಮ್ಮದಾಗಿಬಿಡುತ್ತೆ. ಇಲ್ಲೇ ಕೂತಿರ್ತೀನಿ," ಎಂದಿದ್ದರು ಸರಾಸರಿ. ಆಗಲೇ ಅವರಿಗೆ ಅಷ್ಟು ಗುಮಾನಿ.

ಕೂತವರು ಏಳಲೇ ಇಲ್ಲ. ವರ್ಷಗಳು ಹೋದಂತೆ ಬಹುವಚನ ಏಕವಚನವಾಯಿತು. ಮೇಷ್ಟ್ರು ಬರೆಯುವರು, ಸರಾಸರಿ ತಗಾದೆ ತೆಗೆಯುವರು, ಇದೇ ಅವರ ಕ್ರಮ. ಪ್ರತಿ ಚೌಕಕ್ಕೂ ಅದರ ಮನೆಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ ಉಂಟು. ಅದು ಸೊನ್ನೆಯಾಗದಿದ್ದರೆ ಚೌಕಕ್ಕೆ ವಿಲೋಮ, ಅಂದರೆ ಅದನ್ನು ತಿರುಗಿಸುವ ಇನ್ನೊಂದು ಚೌಕ, ಇರುತ್ತದೆ, ಲೆಕ್ಕ ಸರಾಗವಾಗಿ ಮುಂದೆ ಹೋಗುತ್ತದೆ. ಸೊನ್ನೆಯಾದರೆ ದಾರಿ ಮುಚ್ಚಿದಂತೆ. ಮಾತೃಕೆಯವರು ಒಳ್ಳೆಯ ಚೌಕವನ್ನೇ ಊಹಿಸಿಕೊಂಡು ಹೊರಡುತ್ತಾರೆ. ಸಂಖ್ಯಾಶಾಸ್ತ್ರದವನಿಗೆ ಆ ಸುಖವಿಲ್ಲ. ಅವನಿಗೆ ಬರುವ ಕೋಷ್ಟಕದಲ್ಲಿ ಯಾರೋ ಒಂದೇ ಸಂಗತಿಯನ್ನು ಎರಡು ಸಲ ಅಳೆದಿರುತ್ತಾರೆ, ಸೊನ್ನೆ ಬಂದು ಕೂತಿರುತ್ತದೆ.

ಹಾಗಾಗಿ ಮೇಷ್ಟ್ರು ವಿಲೋಮ ತೆಗೆಯಲು ಹೊರಟಾಗಲೆಲ್ಲ ಸರಾಸರಿ ಕೇಳುವರು. "ಸೊನ್ನೆ ಆದ್ರೆ?"

"ಬಂತು ನೋಡು ಅಪಶಕುನ," ಎಂದು ಮೇಷ್ಟ್ರು ಪೆನ್ಸಿಲ್ ಬಿಸಾಕುವರು. ಬೈದುಕೊಳ್ಳುತ್ತಲೇ ಇಡೀ ಪುಟ ಹೊಡೆದುಹಾಕಿ ಮತ್ತೆ ಮೊದಲಿನಿಂದ ಶುರುಮಾಡುವರು. ಮುಖದಲ್ಲಿ ಮಾತ್ರ ಖುಷಿ.

ಅತ್ತಿಗೆ ಹೊರಗೆ ಹೋಗಲೆಂದು ಸಿದ್ಧರಾಗಿ, ಚಪ್ಪಲಿ ಮೆಟ್ಟಿಕೊಂಡು ಹಜಾರದಲ್ಲಿ ಕಾದ ಸಂಜೆಗಳು ಎಷ್ಟೋ. ಕಾದು ಕಾದು ಚಪ್ಪಲಿ ಬಿಟ್ಟು ಚಹಾ ಮಾಡಿಕೊಂಡು ಬರುವರು. "ಬೇರೆ ಗಂಡಸರು ಹೆಂಗಸರ ಹಿಂದೆ ಹೋಗ್ತಾರೆ. ನನ್ನ ಹಣೇಲಿ ಮೀಸೆ ಇರೋ ಸವತಿ ಬರೆದಿತ್ತು," ಎನ್ನುವರು. ಒಂದು ದಿನ ಸರಾಸರಿಯವರು ಆ ಮಾತಿಗೆ ಹೊಟ್ಟೆ ಹಿಡಿದು ನಕ್ಕರು. ಅತ್ತಿಗೆ ನಗಲಿಲ್ಲ. "ತಮಾಷೆ ಅಂದ್ಕೊಂಡ್ರಾ?" ಎಂದು ಕೇಳಿ, ಲೋಟ ಎತ್ತಿಕೊಂಡು ಹೋದರು.

*

ಎರಡು ಮನೆ ಒಂದಾಗಿದ್ದದ್ದು ಒಡೆದದ್ದು ಒಂದೇ ಒಂದು ಸರ್ವನಾಮಕ್ಕೆ. ದೊಡ್ಡ ಸಭೆಯೊಂದರಲ್ಲಿ ಮೇಷ್ಟ್ರನ್ನು ಭಾಷಣಕ್ಕೆ ಕರೆದಿದ್ದರು. ಸರಾಸರಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತರು. ಮೇಷ್ಟ್ರು ಮಾತಿನುದ್ದಕ್ಕೂ "ನಾನು ಕಂಡುಕೊಂಡೆ", "ನಾನು ತೋರಿಸಿದೆ" ಎಂದರು. ಅಳುಕಿನ ಮನುಷ್ಯ, ಜನ ಕಂಡರೆ ನಾಲಿಗೆ ಒಣಗುತ್ತಿತ್ತು, ಉರುಹೊಡೆದದ್ದನ್ನು ಒಪ್ಪಿಸಿ ಇಳಿದರೆ ಸಾಕಾಗಿತ್ತು. ಇದೆಲ್ಲ ಸರಾಸರಿಯವರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು "ನಾವು" ಎಂಬ ಮಾತಿಗಾಗಿ ಕೊನೆಯವರೆಗೆ ಕಿವಿ ನಿಮಿರಿಸಿ ಕೂತರು. ಅದು ಬರಲಿಲ್ಲ.

ಮರುದಿನದಿಂದ ಅವರಿಗೆ ಮಂಡಿನೋವು. ಮೇಷ್ಟ್ರು ಫೋನು ಮಾಡಿದರು. "ಮೆಟ್ಟಿಲು ಹತ್ತೋಕಾಗಲ್ಲ," ಎಂದರು ಸರಾಸರಿ. ಆ ಮನೆಗೆ ಮೆಟ್ಟಿಲೇ ಇರಲಿಲ್ಲ. ಮೇಷ್ಟ್ರು ಅದನ್ನು ಹೇಳಲಿಲ್ಲ, "ಹುಷಾರು ಕಣಯ್ಯಾ," ಎಂದು ಇಟ್ಟರು. ಆಮೇಲಿನ ಫೋನುಗಳನ್ನು ಸರಾಸರಿ ಎತ್ತಲಿಲ್ಲ. ಆ ಖಾಲಿ ಕುರ್ಚಿಗೆ ಈ ಹುಡುಗಿ ಬಂದಳೆಂದು ಯಾರೋ ಹೇಳಿದಾಗ, ನೋವು ಎರಡನೆಯ ಮಂಡಿಗೂ ಇಳಿಯಿತು.

*

ಚಿತಾಗಾರದ ಹೊರಗೆ ಸಿಮೆಂಟಿನ ಬೆಂಚು. ಒಳಗೆ ಕಬ್ಬಿಣದ ಬಾಗಿಲು ಮುಚ್ಚಿಯಾಗಿತ್ತು. ಅತ್ತಿಗೆ, ಅವರ ತಮ್ಮ ಕಚೇರಿಯಲ್ಲಿ ಸಹಿ ಹಾಕುತ್ತಿದ್ದರು. ಬಂದಿದ್ದ ಗಾಡಿ ಮನೆಯವರನ್ನು ವಾಪಸು ಕರೆದೊಯ್ಯಲು ನೆರಳಲ್ಲಿ ನಿಂತಿತ್ತು. ಅಗೆದ ರಸ್ತೆಯಲ್ಲಿ ಬಂದು ಅದರ ಮೈಯೆಲ್ಲ ಧೂಳಾಗಿತ್ತು.

ಹುಡುಗಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅತ್ತು ಕಣ್ಣು ಊದಿತ್ತು. ಅದಕ್ಕೂ ಸರಾಸರಿಯವರಿಗೆ ಅಸೂಯೆಯಾಯಿತು, ಅವರಿಗೆ ಇನ್ನೂ ಅಳು ಬಂದಿರಲಿಲ್ಲ.

"ಹೇಗೆ ಮುಗಿಸಿದ್ರಿ?" ಎಂದು ಅತ್ತ ನೋಡುತ್ತಲೇ ಕೇಳಿದರು.

ಅವಳು ಹೇಳತೊಡಗಿದಳು. ಚೆನ್ನಾಗಿ ಹೇಳುತ್ತಿದ್ದಳು, ಅದನ್ನೂ ಸಹಿಸಲಾಗಲಿಲ್ಲ. ಯಾವ ಯಾವ ಮನೆ ಖಾಲಿ ಇದ್ದರೆ ಹೇಗೆ ತುಂಬುವುದು, ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಒಂದೇ ಚೌಕ ಹೇಗೆ ಸಿಗುತ್ತದೆ, ಎಲ್ಲವೂ ಮೇಷ್ಟ್ರ ಕೈಚಳಕ, ಕೇಳುತ್ತಿದ್ದರೇ ಗೊತ್ತಾಗುತ್ತಿತ್ತು.

"ಇಲ್ಲಿ ವಿಲೋಮ ತಗೊಂಡ್ವಿ," ಎಂದಳು ಹುಡುಗಿ. "ಆಮೇಲೆ ಸುಲಭ."

ಸರಾಸರಿಯವರು ತಟ್ಟನೆ ಅವಳ ಕಡೆ ತಿರುಗಿದರು. ವಿಲೋಮ ತಗೊಂಡ್ವಿ. ಅಷ್ಟೇ. ಇದ್ದರೆ ತಾನೇ ತಗೊಳ್ಳುವುದು. ಆಸ್ಪತ್ರೆಯ ಆ ಮೊದಲ ಕೋಷ್ಟಕಕ್ಕೇ ಇದು ನಿಲ್ಲುವುದಿಲ್ಲ.

ಬೆಳಗಿನಿಂದ ಉರಿಯುತ್ತಿದ್ದ ಹೊಟ್ಟೆಗೆ ತಣ್ಣೀರು ಬಿದ್ದಂತಾಯಿತು. ಬಾಯಿ ತೆರೆಯುವ ಅಗತ್ಯವೇ ಇಲ್ಲ. ಅಚ್ಚಾಗಲಿ. ಯಾರೋ ಓದುತ್ತಾರೆ, ಹಿಡಿಯುತ್ತಾರೆ. ಸರಾಸರಿ ಜೊತೆಗಿಲ್ಲದ್ದಕ್ಕೆ ಚೌಕದ ಮೇಷ್ಟ್ರು ಕೊನೆಗೆ ಎಡವಿದರು ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ಮಂಡಿನೋವು ವಾಸಿಯಾಗುತ್ತದೆ.

"ಅಚ್ಚಿಗೆ ಯಾವಾಗ ಕಳಿಸ್ತೀರಿ?"

"ಇವತ್ತು ಸಂಜೆ ಸರ್. ಅವರಿಗೆ ಮಾತು ಕೊಟ್ಟಿದ್ದೆ."

"ಒಳ್ಳೇದು," ಎಂದರು ಸರಾಸರಿ.

ಹುಡುಗಿ ತನಗೇ ಹೇಳಿಕೊಳ್ಳುವಂತೆ ಅಂದಳು, "ಒಂದು ಮಾತ್ರ ನನಗೆ ಅರ್ಥ ಆಗ್ಲಿಲ್ಲ ಸರ್. ಆ ಹೆಜ್ಜೆ ಹೇಳಿ ಅವರು ನಿಲ್ಲಿಸಿಬಿಟ್ರು. ನಾನು ಏನೋ ಕೇಳ್ಬೇಕು ಅನ್ನೋ ಹಾಗೆ ನನ್ನ ಮುಖ ನೋಡಿದ್ರು. ಆಮೇಲೆ ಬಾಗಿಲ ಕಡೆ ನೋಡಿದ್ರು. ತುಂಬಾ ಹೊತ್ತು. ನನಗೇನು ಗೊತ್ತು, ನೀರು ಬೇಕಾ ಸರ್ ಅಂತ ಕೇಳ್ದೆ."

"ಅದಕ್ಕೆ?"

"ತಲೆ ಅಲ್ಲಾಡಿಸಿ, ಹೋಗ್ಲಿ ಬಿಡು, ಮುಂದೆ ಬರಿ ಅಂದ್ರು. ದನಿ ಪೂರ್ತಿ ಸೋತುಹೋಗಿತ್ತು. ಮುಂದಿನ ಸಾಲು ಹೇಳೋಷ್ಟರಲ್ಲಿ ನಿದ್ದೆ ಬಂತು."

ಸರಾಸರಿಯವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಒದ್ದೆಯಾಗಿದ್ದದ್ದು ಗಾಜಲ್ಲ.

"ಸೊನ್ನೆ ಆದ್ರೆ?" ಎಂದರು ಕೊನೆಗೆ.

"ಏನು ಸರ್?"

"ಅದು ಸೊನ್ನೆ ಆದ್ರೆ ವಿಲೋಮ ಎಲ್ಲಿಂದ ತರ್ತೀಯಮ್ಮಾ?"

ಹುಡುಗಿ ಗಾಬರಿಯಿಂದ ಕಾಗದಕ್ಕೆ ತಡಕಾಡಿದಳು. ಇಬ್ಬರ ಬಳಿಯೂ ಕಾಗದವಿರಲಿಲ್ಲ. ಸರಾಸರಿಯವರು ಎದ್ದು ಗಾಡಿಯ ಬಳಿಗೆ ನಡೆದರು, ಮಂಡಿಯ ನೆನಪಿಲ್ಲದೆ. ಹಿಂದಿನ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಚೌಕ ಎಳೆದರು. "ಒಂದೇ ಸಂಗತೀನ ಎರಡು ಸಲ ಅಳೆದಿದ್ದಾರೆ ಅಂದ್ಕೋ. ಇಲ್ಲಿ ಒಂದು, ಇಲ್ಲೂ ಒಂದು. ಈಗ ಈ ಮನೆ ತುಂಬು ನೋಡೋಣ."

"ಆಗ ಇದಕ್ಕೆ ಒಂದೇ ಉತ್ತರ ಸರ್, ಪಕ್ಕದ ಮನೇದೇ. ಜಾಗವೇ ಇಲ್ಲ."

"ಹೂಂ. ಮತ್ತೆ ನಿಮ್ಮ ಸೂತ್ರ?"

"ಕುಸಿದುಬೀಳುತ್ತೆ." ಅವಳೂ ಬೆರಳು ಹಚ್ಚಿದಳು. "ಸರ್, ಅವೆರಡನ್ನೂ ಮೊದಲೇ ಒಂದು ಮಾಡಿಬಿಟ್ರೆ? ಆಮೇಲೆ ಉಳಿದದ್ದಕ್ಕೆ ವಿಲೋಮ ತಗೊಂಡ್ರೆ?"

"ಯಾವುವು ಒಂದೇ ಅಂತ ಹೇಗೆ ಗೊತ್ತಾಗುತ್ತೆ? ಖಾಲಿ ಮನೆ ಇದೆಯಲ್ಲ ಮಧ್ಯೆ. ಬರಿ, ಬರಿ."

ಗಾಜು ತುಂಬುತ್ತ ಬಂತು. ಡ್ರೈವರ್ ಒದ್ದೆ ಬಟ್ಟೆ ಹಿಡಿದುಕೊಂಡು ಬಂದ. "ಯಜಮಾನ್ರೇ, ಸ್ವಲ್ಪ ಸರೀರಿ. ಮನೆಯವರು ಬರೋಷ್ಟರಲ್ಲಿ ಒರೆಸಿಬಿಡ್ತೀನಿ."

ಮನೆಯವರು ಬಂದಾಗಿತ್ತು. ಅತ್ತಿಗೆ ಕಚೇರಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಂಡನನ್ನು ಒಳಗೆ ಕಳಿಸಿ ಬಂದರೆ ಹೊರಗೆ ಇದು. ಅವರ ಮುಖ ಗಂಟಿಕ್ಕಿತು.

"ಇವತ್ತೊಂದು ದಿನ ನನಗೆ ಬಿಟ್ಟುಕೊಡೋಕಾಗ್ಲಿಲ್ವಾ ನಿಮಗೆ?" ಎಂದರು.

ಸರಾಸರಿಯವರು ಕೈ ಇಳಿಸಿದರು. ಬೆರಳ ತುದಿ ಕಪ್ಪಾಗಿತ್ತು. "ಒಂದು ತಪ್ಪು ಉಳಿದಿತ್ತು ಅತ್ತಿಗೆ. ನಾನು ಬಂದು ಕೇಳಲಿ ಅಂತ ಕಾದಿದ್ದ. ನಾನು ಬರ್ಲಿಲ್ಲ."

ಅತ್ತಿಗೆ ಅವರನ್ನು ನೋಡಿದರು, ಹುಡುಗಿಯನ್ನು ನೋಡಿದರು, ಗಾಜನ್ನು ನೋಡಿದರು. ಒಂದು ಅಕ್ಷರವೂ ತಿಳಿಯಲಿಲ್ಲ. ಡ್ರೈವರ್ ಬಟ್ಟೆ ಎತ್ತಿದ. ಅತ್ತಿಗೆ ಮುಂದೆ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡು, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಗಾಡಿಯ ಸುತ್ತ ಒಮ್ಮೆ ನಡೆದು, ಇನ್ನೂ ಯಾರೂ ಮುಟ್ಟದ ಪಕ್ಕದ ಬಾಗಿಲ ಮುಂದೆ ನಿಂತರು.

"ಬನ್ನಿ," ಎಂದರು. "ಈ ಕಡೆ ಧೂಳು ಜಾಸ್ತಿ ಇದೆ."