ಬಿಳಿ ಹಿಡಿಯ ಕತ್ತಿಗೆ ತುಕ್ಕು ಹತ್ತಿದ್ದು

ಹಳೆಯ ಕ್ಷೌರದ ಕತ್ತಿ ಕೈಗೆ ಬಂದರೆ ಸಾಣೆಯಕ್ಕ ಅಲಗಿಗಿಂತ ಮೊದಲು ಹಿಡಿ ನೋಡುತ್ತಾಳೆ. ಉಕ್ಕು ಎಲ್ಲಿದ್ದರೂ ಉಕ್ಕೇ, ಹಿಡಿ ಮಾತ್ರ ನೂರೆಂಟು ವೇಷ ಹಾಕುತ್ತದೆ ಎನ್ನುವುದು ಅವಳ ಮಾತು. ಕಿಟಕಿ ಪಕ್ಕದ ಅದೇ ಮೇಜಿನಲ್ಲಿ ಮೊದಲು ಮಾವನ ಕೈಕೆಳಗೆ, ಆಮೇಲೆ ಒಬ್ಬಳೇ, ಇಪ್ಪತ್ತಾರು ವರ್ಷ ಸಾಣೆ ಹಿಡಿದವಳು ಅವಳು.

ಆ ಬೆಳಿಗ್ಗೆ ಒಬ್ಬ ಅಣ್ಣ, ಒಬ್ಬಳು ತಂಗಿ ಅಂಗಡಿಗೆ ಬಂದರು. ಅಣ್ಣ ದುಮುದುಮು ಎನ್ನುತ್ತ ಮುಂದೆ, ತಂಗಿ ಹತ್ತು ಹೆಜ್ಜೆ ಹಿಂದೆ. ಅವರ ಅಪ್ಪ ಕ್ಷೌರಿಕ. ಸಾಯುವ ಮೊದಲು ಬಿಳಿ ಹಿಡಿಯ ಕತ್ತಿ ಮಗನಿಗೆ, ಕಪ್ಪು ಹಿಡಿಯದು ಮಗಳಿಗೆ ಎಂದಿದ್ದರು. ಮಗ ಮನೆ ಬದಲಿಸುವ ಗಡಿಬಿಡಿಯಲ್ಲಿ ತನ್ನದನ್ನೂ ತಂಗಿಯ ಬೀರುವಿನಲ್ಲಿ ಇಟ್ಟುಹೋದ. ಒಂದು ವರ್ಷದ ಮೇಲೆ ಬಂದು ಬಿಚ್ಚಿ ನೋಡಿದರೆ ಅಲಗಿನ ತುಂಬ ತುಕ್ಕು. ಅಲ್ಲಿಂದ ಎರಡು ವರ್ಷ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಇವತ್ತು ಬಂದದ್ದೂ ತಂಗಿಯ ಹಟಕ್ಕೆ.

"ಆನೆದಂತದ ಹಿಡಿ, ಅಕ್ಕ. ಅಪ್ಪ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು. ಇವಳು ಬಚ್ಚಲಲ್ಲಿಟ್ಟು ಹಾಳು ಮಾಡಿದ್ಲು," ಎಂದ ಅಣ್ಣ.

"ಬೀರುವಲ್ಲೇ ಇತ್ತು. ನನ್ನದೂ ಅದೇ ಅರೆಯಲ್ಲಿತ್ತು," ಎಂದಳು ತಂಗಿ. ಹೇಳಿ ಹೇಳಿ ಸಾಕಾದ ದನಿ.

ಸಾಣೆಯಕ್ಕ ಯಾರ ಕಡೆಯೂ ವಾಲಲಿಲ್ಲ. ಬಿಳಿ ಹಿಡಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟಳು. ಗೆರೆಗಳಿದ್ದವು, ಆದರೆ ಅಡಿಕೋಲಿಟ್ಟು ಎಳೆದಷ್ಟು ನೇರ. ಹಿಡಿಯ ತುದಿ ತಿರುಗಿಸಿದಳು. ನಿಜವಾದ ದಂತವಾದರೆ ಅಲ್ಲಿ ಗೆರೆಗಳು ಬಲೆಯ ಹಾಗೆ ಒಂದನ್ನೊಂದು ದಾಟಬೇಕು. ಅಲ್ಲಿ ಬಲೆಯೂ ಇಲ್ಲ, ಮೂಳೆಯಲ್ಲಿ ಕಾಣುವ ಕಪ್ಪು ಚುಕ್ಕೆಯೂ ಇಲ್ಲ.

"ಕಾಸಿದ ಸೂಜಿ ಚುಚ್ಚಿ ನೋಡಿ, ದಂತ ಕರಗಲ್ಲ," ಎಂದು ಅಣ್ಣ ಲೈಟರ್ ತೆಗೆದ.

"ಅದನ್ನ ಮೊದಲು ಜೇಬಿಗೆ ಹಾಕಿ! ನನ್ನ ಲೆಕ್ಕ ಸರಿಯಾಗಿದ್ರೆ ಇದು ಭಗ್ ಅಂತ ಹತ್ಕೊಳ್ಳತ್ತೆ."

ಅವಳು ಹೆಬ್ಬೆರಳಿಂದ ಹಿಡಿಯನ್ನು ಬಿಸಿಯಾಗುವವರೆಗೂ ತಿಕ್ಕಿ ಅವನ ಮೂಗಿಗೆ ಹಿಡಿದಳು. "ಏನು ವಾಸನೆ?"

"ಕರ್ಪೂರ..." ಅವನ ದನಿ ಇಳಿಯಿತು.

"ಆನೆ ಕರ್ಪೂರ ತಿನ್ನತ್ತಾ? ಇದು ಸೆಲ್ಯುಲಾಯ್ಡ್, ಕರ್ಪೂರ ಹಾಕಿ ಮಾಡ್ತಿದ್ದ ಹಳೇ ಕಾಲದ ಪ್ಲಾಸ್ಟಿಕ್. ದಂತದ ಹಾಗೆ ಕಾಣಲಿ ಅಂತ ಗೆರೆ ಹಾಕಿ ಮಾಡಿದ್ದು. ಹಳೇದಾದ ಮೇಲೆ ಒಳಗೊಳಗೇ ಕೊಳೆತು ಹುಳಿ ಹೊಗೆ ಬಿಡತ್ತೆ. ಆ ಹೊಗೆಗೆ ಉಕ್ಕು ತಡೆಯಲ್ಲ."

"ಅಪ್ಪ ಸುಳ್ಳು ಹೇಳಿದ್ರಾ ಹಾಗಾದ್ರೆ?"

"ಅವರಿಗೂ ಯಾರೋ ದಂತ ಅಂತಲೇ ಹೇಳಿ ಕೊಟ್ಟಿರ್ತಾರೆ. ಇಲ್ಲಿ ನೋಡಿ. ಹಿಡಿಯಿಂದ ಹೊರಗೆ ಚಾಚಿರೋ ಅಲಗಿನ ಬಾಲ ಕನ್ನಡಿ ಹಾಗಿದೆ. ಮಡಚಿದಾಗ ಒಳಗೆ ಕೂರೋ ಭಾಗ ಮಾತ್ರ ತುಕ್ಕು. ಬಚ್ಚಲ ತೇವ ಆಗಿದ್ರೆ ಬಾಲವನ್ನ ಬಿಡ್ತಿತ್ತಾ?"

ಆಮೇಲೆ ತಂಗಿಯ ಕತ್ತಿ ತೆಗೆದುಕೊಂಡಳು. ಕಪ್ಪು ಹಿಡಿಯ ಅಂಚು ಕಿಟಕಿಯ ಬೆಳಕಿನಲ್ಲಿ ಜೇನಿನ ಬಣ್ಣಕ್ಕೆ ತಿರುಗಿತು, ಒಳಗೆ ಕೂದಲೆಳೆಯಂಥ ನಾರು ಕಂಡಿತು. "ಇದು ಕೋಣದ ಕೊಂಬು. ಹುಳ ಒಂದು ಕಡೆ ಸ್ವಲ್ಪ ತಿಂದಿದೆ, ಅಷ್ಟೆ. ಒಂದೇ ಅರೆಯಲ್ಲಿದ್ರೂ ತನ್ನ ಚರ್ಮದ ಚೀಲದೊಳಗೆ ಬೆಚ್ಚಗೆ ಬಚಾವಾಗಿದೆ."

ಅಣ್ಣ ಎರಡೂ ಕತ್ತಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. "ನಂದೇ ತಪ್ಪು ಕಣೆ," ಎಂದ ತಂಗಿಗೆ.

ತಂಗಿಯ ಕಣ್ಣು ತುಂಬಿತು, ನಾಲಿಗೆ ಮಾತ್ರ ಸುಮ್ಮನಿರಲಿಲ್ಲ. "ನಂಗೊಬ್ಬಳಿಗೆ ಹೇಳಿದ್ರೆ ಆಗಲ್ಲ. ಬಚ್ಚಲ ಕತೆಯನ್ನ ಅತ್ತಿಗೆಗೆ ಹೇಳಿದ್ಯಲ್ಲ, ಅವರಿಗೂ ಹೇಳು."

ಅವನು ಅಲ್ಲೇ ಫೋನ್ ತೆಗೆದು ಹೆಂಡತಿಗೆ ಹೇಳತೊಡಗಿದ, ಒಂದು ಮಾತೂ ನುಂಗದೆ. ಸಾಣೆಯಕ್ಕ ಬಿಳಿ ಹಿಡಿಯ ಮೊಳೆಗಳನ್ನು ಅರದಿಂದ ಉಜ್ಜಿ ಬಿಡಿಸಿ, ಅಲಗನ್ನು ಬೇರೆ ಮಾಡಿದಳು. ತಂಗಿ ಹೊಸ ಹಿಡಿಗೆಂದು ಇಟ್ಟಿದ್ದ ಕೊಂಬಿನ ತುಂಡುಗಳ ತಟ್ಟೆಯ ಮೇಲೆ ಬಾಗಿ, ಅಣ್ಣನ ಕೈಗೆ ಯಾವುದು ಒಪ್ಪುತ್ತದೆ ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದಳು.