ಮಂಜುನಾಥ ಬರೆದ ಗಂಟೆ

ಎಲ್ಲರ ಒಪ್ಪಿಗೆಯೂ ಬಂದಿತ್ತು, ಸತ್ತವನೊಬ್ಬನದನ್ನು ಬಿಟ್ಟು. ಅದಕ್ಕೇ ಪ್ರಣಿತಾ ಕಾರವಾರದ ಕೋಡಿಬಾಗದಿಂದ ಸ್ಕೂಟಿ ಹತ್ತಿ, ಅಂಕೋಲೆ ದಾಟಿ, ಗಜನಿಯ ಮಣ್ಣಿನ ಏರಿಯ ಮೇಲೆ ಸೊಂಟ ನೋಯಿಸಿಕೊಳ್ಳುತ್ತ ಬಂದಿದ್ದಳು.

ವಿಷಯ ಇಷ್ಟೆ. ಗಜನಿಯೆಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ. ಉಬ್ಬರ, ಇಲ್ಲಿನವರ ಮಾತಿನಲ್ಲಿ ಭರತಿ, ಏರುವ ಮೊದಲು ತೂಬಿನ ಹಲಗೆ ಇಳಿಸಬೇಕು. ಕಿನ್ನರ ಎಂಬ ಊರಿನಲ್ಲಿ ಅವಳ ಮಾವ ಒಮ್ಮೆ ಮರೆತು ಬೆಳೆ ಕಳೆದುಕೊಂಡಾಗ, ಹೊತ್ತಿಗೆ ಸರಿಯಾಗಿ ಫೋನಿನಲ್ಲಿ ಗಂಟೆ ಬಾರಿಸುವ ಆ್ಯಪ್ ಒಂದನ್ನು ಬರೆದು ಅಂತರ್ಜಾಲದಲ್ಲಿ ಬಿಚ್ಚಿಟ್ಟಿದ್ದಳು. ಯಾರು ಬೇಕಾದರೂ ಒಯ್ಯಿರಿ, ತಿದ್ದಿರಿ. ತಿದ್ದಿದ್ದನ್ನೂ ಹೀಗೇ ಬಿಚ್ಚಿಡಿ. ಬರೆದವರ ಹೆಸರು ಮಾತ್ರ ಅಳಿಸಬೇಡಿ. ಇದು ಅದರ ಲೈಸೆನ್ಸು. ಗುರುತು ಪರಿಚಯವಿಲ್ಲದವರೆಲ್ಲ ಬಂದು ಕೈಜೋಡಿಸಿದರು.

ಈಗ ಕಂಪನಿಯೊಂದು ಬಂದಿತ್ತು. ಲೈಸೆನ್ಸು ಬದಲಿಸಿ ಕೊಟ್ಟರೆ ಆ್ಯಪನ್ನು ತಾನು ನಡೆಸುವುದಾಗಿಯೂ, ಕಾರವಾರದಲ್ಲೇ ಪ್ರಣಿತಾಳ ಕೈಕೆಳಗೆ ಒಂದು ತಂಡ ಕಟ್ಟುವುದಾಗಿಯೂ ಹೇಳಿತ್ತು. ಆದರೆ ಬರೆದ ಪ್ರತಿಯೊಬ್ಬನಿಗೂ ತನ್ನ ಸಾಲುಗಳ ಮೇಲೆ ಹಕ್ಕು, ಎಲ್ಲರೂ ಒಪ್ಪಲೇಬೇಕು. ಉಳಿದವರು ‘ನೀನು ಶುರು ಮಾಡಿದ್ದು, ನಿನ್ನಿಷ್ಟ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಬರೆದವರಲ್ಲೊಬ್ಬನಾದ, ಅಂಕೋಲೆಯಲ್ಲಿ ಮೊಬೈಲು ರಿಪೇರಿ ಮಾಡುತ್ತಿದ್ದ ಮಂಜುನಾಥ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದ. ಅವನ ಹಕ್ಕು ಹೆಂಡತಿ ಜಾನಕಿಗೆ ಬಂದಿತ್ತು. ಒಂದು ಸಹಿ ಬೇಕೆಂದು ಪ್ರಣಿತಾ ಅವಳಿಗೆ ಮೊದಲೇ ಹೇಳಿಕಳಿಸಿದ್ದಳು. ಪ್ರಣಿತಾಗೆ ಆ ಕೆಲಸ ಬೇಕಿತ್ತು, ಸುಳ್ಳೇಕೆ, ಬಾಯಲ್ಲಿ ನೀರೂರುವಷ್ಟು ಬೇಕಿತ್ತು.

ಜಾನಕಿ ಗದ್ದೆಯಿಂದ ಬಂದು ಕಾಲು ತೊಳೆದು ಚಾಪೆ ಹಾಸಿದಳು.

“ಕೂತ್ಕಳಿ ಅಕ್ಕೋರೆ. ಆ ಕಿಟಕಿ ಬದಿಗೆ ಬೇಡ. ವಾಯರ್ ಕಿತ್ತು ಬಂದ್ರೆ ಊರಿನ ಗಜನಿನೇ ಹೋಗ್ತದೆ.”

ಕಿಟಕಿಯಲ್ಲಿ ಗಾಜು ಒಡೆದ ಹಳೆಯ ಫೋನೊಂದು ಚಾರ್ಜಿಗೆ ಕೂತಿತ್ತು. ಪಕ್ಕದಲ್ಲಿ ಒಂದು ದಾಸವಾಳ. ಪ್ರಣಿತಾಗೆ ಅರ್ಥವಾಗಲಿಲ್ಲ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಮೆಲ್ಲುತ್ತಿದ್ದ, ತೂಬು ಕಾಯುವ ಗಣಪ ವಿವರಿಸಿದ.

“ಮಂಜುನಾಥಂದು ಅದು. ಎಲ್ಲಾರ ಫೋನಿಗೂ ಗಂಟೆ ಅದ್ರಿಂದೇ ಬರೂದಲ್ಲ! ಅವ ಹೋದಾಗಿಂದ ಒಂದಿನ ಆರಿಸ್ಲಿಲ್ಲ ಇವ್ಳು. ಕರೆಂಟ್ ಹೋದ್ರೆ ಅಂಕೋಲೆಗೆ ಹೋಗಿ ಚಾರ್ಜ್ ಮಾಡ್ಕ ಬರೂದು. ಶಿರವಾಡದಲ್ಲಿ ತವರುಮನೆ, ಅಲ್ಲಿಗೂ ಹೋಗ್ಲಿಲ್ಲ.”

ಇಡೀ ಗಜನಿಗೆ ತೂಬು ಒಂದೇ. ಅದು ಕೆಟ್ಟರೆ ಎಲ್ಲರ ಗದ್ದೆಯೂ ಕೆಟ್ಟಂತೆ. ಊರು ಫೋನನ್ನೂ ಅದೇ ಲೆಕ್ಕದಲ್ಲಿ ತಿಳಿದುಕೊಂಡಿತ್ತು. ಪ್ರಣಿತಾಗೆ ನಗು ಬಂತು, ಆದರೆ ನಗಲಾಗಲಿಲ್ಲ. ಒಂದು ವರ್ಷ ಈ ಹೆಂಗಸು ತಾನೊಬ್ಬಳೇ ಸಮುದ್ರವನ್ನು ತಡೆದು ನಿಲ್ಲಿಸಿದ್ದೇನೆಂದು ನಂಬಿ ಬದುಕಿದ್ದಳು.

“ಜಾನಕಕ್ಕ, ಗಂಟೆ ಇದ್ರೊಳಗೆ ಮಾತ್ರ ಇಲ್ಲ, ಎಲ್ಲಾರ ಫೋನಲ್ಲೂ ಇದೆ,” ಎಂದು ಪ್ರಣಿತಾ ತನ್ನ ಫೋನು ತೆರೆದು ತೋರಿಸಿದಳು. “ಗುಡ್ಡದ ಬದಿ ಮಳೆಯಾದ್ರೆ ಹೊಳೆನೀರು ಸೇರಿ ಭರತಿ ಬೇಗ ಏರ್ತದೆ. ನಂಗದು ಹೊಳೀಲೇ ಇಲ್ಲ. ಮಳೆಗಾಲದಲ್ಲಿ ನನ್ನ ಗಂಟೆ ತಡವಾಗಿ ಹೊಡೀತಿತ್ತು. ಅದನ್ನ ಸರಿ ಮಾಡಿದ್ದು ನಿಮ್ಮವ್ರು. ಈ ಸಾಲೆಲ್ಲ ಅವ್ರದ್ದೇ. ಈಗ ಬಾಂಗ್ಲಾದೇಶದಲ್ಲೂ, ವಿಯೆಟ್ನಾಮಿನಲ್ಲೂ ಗದ್ದೆಯವ್ರು ಇದನ್ನೇ ಇಟ್ಕೊಂಡಿದ್ದಾರೆ.”

ಜಾನಕಿ ಒದ್ದೆ ಬೆರಳನ್ನು ಸೀರೆಗೆ ಒರೆಸಿ ಪರದೆ ಮುಟ್ಟಿದಳು. “ಇದು ಅವ್ರ ಹೆಸ್ರಾ? ಅಲ್ಲೂ ಕಾಣ್ತದ್ಯಾ?”

“ಎಲ್ಲಾ ಕಡೆ. ಅಳಿಸೂ ಹಾಗಿಲ್ಲ.”

“ಹಂಗಾರೆ ಇದನ್ನ ಆರಿಸಿದ್ರೂ...”

“ಗಂಟೆ ಬರ್ತದೆ.”

ಜಾನಕಿ ಎದ್ದು ಕಿಟಕಿಯ ಬಳಿ ಹೋದಳು. ಆಮೇಲೆ ಫೋನಿನ ಗುಂಡಿ ಒತ್ತಿ ಹಿಡಿದಳು. ಗಣಪ ಕವಳ ಉಗಿದು ಎದ್ದೇಬಿಟ್ಟ. “ಹುಚ್ಚು ಹಿಡೀತಾ ನಿಂಗೆ? ಭರತಿ ಹೊತ್ತು!” ಪರದೆ ಕಪ್ಪಾಯಿತು.

ಮೂವರೂ ಏರಿಗೆ ಓಡಿದರು. ಪೂರ್ವದ ಗುಡ್ಡಗಳ ಮೇಲೆ ಮಳೆ ಕವಿದಿತ್ತು. ತೂಬಿನಾಚೆ ನೀರು ಸದ್ದಿಲ್ಲದೆ ಏರುತ್ತಿತ್ತು. ಗಣಪ ಹಲಗೆಗೆ ಕೈಯಿಟ್ಟು ನಿಂತ. ಪ್ರಣಿತಾಗೇ ಅನುಮಾನ ಬಂತು. ಎಲ್ಲಾದರೂ ಕೈಕೊಟ್ಟರೆ?

ಮೊದಲು ಗಣಪನ ಅಂಗಿಯ ಜೇಬಿನಲ್ಲಿ ಗಂಟೆ ಹೊಡೆಯಿತು. ಮರುಗಳಿಗೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಸುಕ್ರಿಯ ಸೊಂಟದಲ್ಲಿ. ಆಮೇಲೆ ದೋಣಿಯೊಂದರಲ್ಲಿ, ಹೊಳೆಯಾಚೆಯ ಮನೆಗಳಲ್ಲಿ, ಕಣ್ಣಿಗೆ ಕಾಣದ ಇನ್ನೆಲ್ಲೆಲ್ಲೋ. ಕಗ್ಗ ಭತ್ತದ ಹಸಿರಿನ ಉದ್ದಕ್ಕೂ ಒಂದೇ ಗಂಟೆ. ಬಗ್ಗಿದವರೆಲ್ಲ ಸೊಂಟ ನೆಟ್ಟಗೆ ಮಾಡಿ ತೂಬಿನತ್ತ ನೋಡಿದರು. ಪ್ರಣಿತಾ ಕಿವಿಗೊಟ್ಟು ನಿಂತಳು. ತನ್ನ ಕೋಣೆಯಲ್ಲಿ ಕೂತು ಒಂದೇ ಫೋನಿನಲ್ಲಿ ಕೇಳಿದ್ದ ಸದ್ದು ಅದು. ಇಷ್ಟು ದೊಡ್ಡದಾದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ದೇವರ ಮುಂದೆ ನಿಂತವಳಂತೆ ತನಗೆ ತಿಳಿಯದೆಯೇ ಕೈಮುಗಿದಳು.

ಗಣಪ ಹಲಗೆ ಇಳಿಸಿದ. ನೀರು ಬಂದು ಹಲಗೆಗೆ ತಾಗಿ ನಿಂತಿತು.

“ಅವ್ರೇ ಕೂಗಿ ಕರ್‍ದಂಗಾತು,” ಎಂದು ಜಾನಕಿ ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು ಹೇಳಿದಳು: “ನೀವು ಸಹಿಗೆ ಬಂದದ್ದಲ್ವಾ? ತನ್ನಿ, ಹಾಕ್ತೆ. ಇಷ್ಟು ತೋರ್ಸಿಕೊಟ್ರಿ.”

ಪ್ರಣಿತಾ ಚೀಲಕ್ಕೆ ಕೈಹಾಕಿದಳು. ಕಾಗದ ಬೆರಳಿಗೆ ಸಿಕ್ಕಿತು. ಅದನ್ನು ಹೊರಗೆ ತೆಗೆದರೆ ಕಾರವಾರದ ಕೆಲಸ, ತಂಡ, ಎಲ್ಲವೂ ಅವಳದು.

“ಇದಕ್ಕೆ ಸಹಿ ಹಾಕಿದ್ರೆ ಮುಂದೆ ಅವ್ರ ಹೆಸ್ರು ಇಡ್ಲೇಬೇಕಂತ ಇಲ್ಲ, ಜಾನಕಕ್ಕ,” ಎಂದಳು. ಕೈ ಖಾಲಿಯಾಗಿಯೇ ಹೊರಬಂತು. “ನಂಗೇ ಬೇಡ. ನಾ ಶಿರವಾಡದ ಮೇಲೇ ಹೋಗೂದು. ತವರಿಗೆ ಬರ್ತ್ರಾ?”

ಜಾನಕಿ ಮನೆಯತ್ತ ತಿರುಗಿ ಕಿಟಕಿಯ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿ, ಆರಿದ ಫೋನನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ ಸ್ಕೂಟಿಯ ಹಿಂದೆ ಹತ್ತಿ ಕೂತಳು.