ಎರಡನೇ ಮೈಕಿನ ಸರಸರ

ಆ ಸದ್ದು ಎರಡನೇ ಮೈಕಿನಲ್ಲಿ ಮಾತ್ರ ಇತ್ತು. ಕಾರ್ಟೂನಿನ ಇಲಿಮರಿ ‘ಅಯ್ಯೋ, ಬೆಕ್ಕು!’ ಎಂದು ಕಿರುಚಿ ಜಿಗಿದಾಗಲೆಲ್ಲ ಆ ಕಿರುಚಾಟದ ಬಾಲಕ್ಕೆ ಅಂಟಿಕೊಂಡು ಒಂದು ‘ಸರ್ರ್’ ಬರುತ್ತಿತ್ತು. ಕೇಳುವವರಿಗೆ ಕೇಳಿಸದಷ್ಟು ಸಣ್ಣದು. ಆದರೆ ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವನನ್ನು ಆ ಸ್ಟುಡಿಯೋದಲ್ಲಿ ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಯಾರ ಹೊಟ್ಟೆ ಹಸಿದಿದೆ, ಯಾರ ಹಲ್ಲು ಕಟ್ಟಿಸಿದ್ದು, ಯಾರು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾರೆ, ಎಲ್ಲ ಅವನಿಗೆ ಕೇಳುತ್ತಿತ್ತು. ಅದನ್ನೆಲ್ಲ ದನಿಮುದ್ರಣದಿಂದ ತೊಳೆದು ತೆಗೆಯುವುದೇ ಅವನ ಸಂಬಳದ ಕೆಲಸ. ಆ ‘ಸರ್ರ್’ ಅನ್ನೂ ಕೆಲವು ತಿಂಗಳಿಂದ ಹಾಗೆಯೇ ತೊಳೆದು ಹಾಕುತ್ತ ಬಂದಿದ್ದ.

ಈಗ ಅದನ್ನು ತೊಳೆಯಲು ಮನಸ್ಸಾಗಲಿಲ್ಲ. ಕಾರಣ, ದನಿಗಳ ಕಳ್ಳತನ.

ಹಿಂದಿನ ವಾರ ಯಾವುದೋ ಸಾಬೂನಿನ ಜಾಹೀರಾತಿನಲ್ಲಿ ಇವರ ಕಾರ್ಟೂನಿನ ಇಲಿಮರಿಯೂ ಕರಡಿಯೂ ಮಾತಾಡಿದ್ದವು. ಯಾರೂ ಆಡದ ಮಾತು, ಯಂತ್ರ ಕಲಿತು ಆಡಿದ ಮಾತು. ಯಂತ್ರಕ್ಕೆ ಕಲಿಸಲು ಗಂಟೆಗಟ್ಟಲೆ ದನಿಯನ್ನು ಯಾರೋ ಮಾರಿದ್ದರು. ಕರಡಿಗೆ ದನಿ ಕೊಡುವ ಹಿರಿಯ ಕಲಾವಿದ, ಎಲ್ಲರ ಕರಡಿ ಮಾವ, ಸ್ಟುಡಿಯೋದ ಧಣಿಯ ಮೇಜು ಗುದ್ದಿ ಕೂಗಾಡಿದ್ದರು: “ನನ್ನ ಗಂಟಲು, ನನಗೇ ಗೊತ್ತಿಲ್ದೆ ಸಾಬೂನು ಮಾರ್ತಾ ಇದೆ!”

ಧಣಿ ಕಿವಿಯನ್ನು ಒಳಗೆ ಕರೆದಿದ್ದರು. ಅವರು ಮಾತು ಶುರುಮಾಡುವ ರೀತಿಯನ್ನು ಅಣಕಿಸದವರು ಸ್ಟುಡಿಯೋದಲ್ಲಿ ಇರಲಿಲ್ಲ. ಮೊದಲು ಒಂದು ಒಣ ಕೆಮ್ಮು, ಆಮೇಲೆ ಎಳೆದೆಳೆದು “ನೋಡೀ... ನಾನು ನೇರವಾಗಿ ಹೇಳ್ತೀನಿ.” ಹಾಗೆಂದವರು ಇವತ್ತಿನವರೆಗೆ ಒಂದನ್ನೂ ನೇರವಾಗಿ ಹೇಳಿದ್ದಿಲ್ಲ. ಅಂದು ಮಾತ್ರ ಹೇಳಿದರು: “ಒಳಗಿನವರೇ ಯಾರೋ ಮೈಯಲ್ಲಿ ರೆಕಾರ್ಡರ್ ಇಟ್ಕೊಂಡು ಬರ್ತಿದ್ದಾರೆ. ನಿನ್ನ ಕಿವಿಗೆ ಸಿಗದೇ ಇರುತ್ತಾ? ಶುಕ್ರವಾರದೊಳಗೆ ಹೆಸರು ಕೊಡು. ಆ ಮನುಷ್ಯ ಮತ್ತೆ ಈ ಮೆಟ್ಟಿಲು ಹತ್ತಲ್ಲ.”

ಕಿವಿ ಹೆಸರು ಹುಡುಕಬೇಕಾಗಿರಲಿಲ್ಲ. ಹೆಸರು ತಾನಾಗಿಯೇ ಎರಡನೇ ಮೈಕಿನ ಮುಂದೆ ನಿಂತಿತ್ತು. ಇಲಿಮರಿ ಅಕ್ಕ.

ಐವತ್ತು ದಾಟಿದ ಹೆಂಗಸು. ಬಾಗಿಲಲ್ಲಿ ನಿಂತರೆ ಬ್ಯಾಂಕಿನ ಮ್ಯಾನೇಜರಂತೆ ಗಂಭೀರ, ಮೈಕಿನ ಮುಂದೆ ಬಂದರೆ ಬಾಲ ಸಿಕ್ಕಿಹಾಕಿಕೊಂಡ ಇಲಿಮರಿ. ಕಿವಿಗೆ ಅವಳ ಮೇಲೆ ಗೌರವವಿತ್ತು. ಗೌರವ ಇದ್ದವರ ಮೇಲೆ ಬರುವ ಸಂಶಯ ಸುಮ್ಮನೆ ಕೂರಲು ಬಿಡುವುದಿಲ್ಲ.

ಅವಳ ನಡತೆಯಾದರೂ ಹೇಗಿತ್ತು? ಒಂದು ದೃಶ್ಯ ಮುಗಿಯುವ ಮೊದಲೇ “ಫೋನು ಬಂತು” ಎಂದು ಹೊರಗೆ ಓಡುವುದು, ಫೋನನ್ನು ಕುರ್ಚಿಯ ಮೇಲೆಯೇ ಬಿಟ್ಟು. ಹೊರಗೆ ಹೋಗುವಾಗ ಚೀಲ ಮಾತ್ರ ಜೊತೆಗೆ. ಆ ಚೀಲವನ್ನು ಯಾರಾದರೂ ಸರಿಸಲು ಕೈಚಾಚಿದರೆ “ಏ ಬೇಡ, ನಾನೇ ಇಡ್ತೀನಿ” ಎಂದು ಎದೆಗೆ ಅವಚಿಕೊಳ್ಳುವುದು. ಗಂಟಲಿಗೆಂದು ಇಟ್ಟ ಬಿಸಿನೀರಿನ ಫ್ಲಾಸ್ಕಿಗೆ ಎಲ್ಲರೂ ಮುತ್ತಿಕೊಂಡರೂ ಇವಳು ಮುಟ್ಟುವುದಿಲ್ಲ. ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ‘ಟಕ್ ಟಕ್’ ಕಿವಿಗೆ ಬೇರೆ ಕೇಳುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ, ಇಲಿಮರಿಯ ಸಿನಿಮಾ ಆಗುತ್ತಿತ್ತು. ಅದರ ದನಿಮುದ್ರಣ ಬೇರೆ ಊರಿನಲ್ಲಿ, ಒಂದು ವಾರ, ಒಳ್ಳೆಯ ದುಡ್ಡು. ಅಕ್ಕ ಬರುವುದಿಲ್ಲ ಎಂದುಬಿಟ್ಟಿದ್ದಳು. ಬಾಯಿಗೆ ಬಂದ ಸಿನಿಮಾವನ್ನು ಉಗುಳುವವಳಿಗೆ ಬೇರೆ ಕಡೆಯಿಂದ ಏನೋ ಸಿಗುತ್ತಿರಲೇಬೇಕು, ಎಂದುಕೊಂಡ ಕಿವಿ.

ಶುಕ್ರವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವನು ಸಾಕ್ಷಿ ತಯಾರಿಸಲು ಕೂತ. ಕಾರ್ಟೂನಿನಲ್ಲಿ ಬೆಂಕಿ ಉರಿಯಬೇಕಾದರೆ ಪ್ಲಾಸ್ಟಿಕ್ ಕವರು ಮುದುರುವವನು, ಮೂಳೆ ಮುರಿಯಬೇಕಾದರೆ ಕ್ಯಾರೆಟ್ ಮುರಿಯುವವನು ಅವನು. ಸದ್ದು ಸಿಕ್ಕರೆ ವಸ್ತು ಸಿಕ್ಕಂತೆ. ‘ಸರ್ರ್’ ಅನ್ನು ಒಂದೇ ಸಮನೆ ಸುತ್ತುವಂತೆ ಮಾಡಿ, ದೊಡ್ಡದು ಮಾಡಿ, ಪಕ್ಕದಲ್ಲಿ ಒಂದೊಂದೇ ವಸ್ತು ಇಟ್ಟು ಹೋಲಿಸಿದ. ದಿನಪತ್ರಿಕೆಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡು ಜಿಗಿದ. ಅಲ್ಲ. ಬಿಸ್ಕತ್ ಪೊಟ್ಟಣ ಕಟ್ಟಿಕೊಂಡು ಜಿಗಿದ. ಅಲ್ಲ. ರೇನ್‌ಕೋಟು ಸುತ್ತಿಕೊಂಡು ಜಿಗಿದ. ಹತ್ತಿರ ಬಂತು, ಆದರೆ ಈ ಸದ್ದಿನಲ್ಲಿ ಹತ್ತಿಯ ಮೆತ್ತನೆಯೂ ಇತ್ತು. ರೆಕಾರ್ಡರನ್ನು ಹತ್ತಿಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿರಬಹುದು. ಎಂಥಾ ಜಾಣೆ!

“ಏನಯ್ಯಾ, ಕಪ್ಪೆ ಪಾತ್ರ ಸಿಕ್ತಾ ನಿನಗೆ?”

ಬಾಗಿಲಲ್ಲಿ ಕರಡಿ ಮಾವ ನಿಂತಿದ್ದರು. ಸ್ಪೀಕರಿನಿಂದ ಬರುತ್ತಿದ್ದ ‘ಸರ್ರ್, ಸರ್ರ್’ ಕೇಳಿದ್ದೇ ಅವರ ನಗು ಅರ್ಧಕ್ಕೆ ನಿಂತಿತು.

“ಇದು... ಎಲ್ಲಿಂದ ಸಿಕ್ತು ನಿನಗೆ? ಯಾವ ಮೈಕಿಂದು?”

“ಎರಡನೇದು, ಮಾವ. ಇಲಿಮರಿ ಅಕ್ಕಂದು.”

“ಮೂರನೇದಲ್ವಾ?” ಮೂರನೆಯದು ಅವರದೇ ಮೈಕು.

“ಅಲ್ಲ. ಯಾಕೆ?”

ಕರಡಿ ಮಾವ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ತಗ್ಗಿದ ದನಿಯಲ್ಲಿ, “ಅಳಿಸಿಬಿಡಪ್ಪಾ” ಎಂದರು. “ಧಣಿಗೆ ಕೇಳಿಸ್ಬೇಡ.”

“ಕಳ್ಳತನ ಆಗಿದೆ ಅಂತ ಮೇಜು ಗುದ್ದಿದ್ದು ನೀವೇ ಅಲ್ವಾ?”

“ಗುದ್ದಿದ್ದೆ. ಈಗ ಅಳಿಸು ಅಂತಿದ್ದೀನಿ.” ಅಷ್ಟು ಹೇಳಿ ತಮ್ಮ ಚೀಲವನ್ನು ಕಂಕುಳಿಗೆ ಏರಿಸಿ ಹೊರಟುಹೋದರು. ಕಿವಿ ಅದನ್ನೂ ಗಮನಿಸಿದ. ಮಾವನೂ ಚೀಲ ಬಿಡುವುದಿಲ್ಲ! ಇಬ್ಬರೂ ಸೇರಿಯೇ ಮಾಡಿದ್ದು. ಕೂಗಾಡಿದ್ದೆಲ್ಲ ನಾಟಕ.

ಸಂಜೆ ಧಣಿ ಕಿವಿ, ಅಕ್ಕ, ಮಾವ ಮೂವರನ್ನೂ ಮುದ್ರಣದ ಕೋಣೆಯಲ್ಲೇ ಕೂರಿಸಿದರು. ಬಟ್ಟೆ ಹೊದಿಸಿದ ಗೋಡೆಗಳ ನಡುವೆ ಯಾರ ಉಸಿರೂ ಮುಚ್ಚಿಡುವಂತಿರಲಿಲ್ಲ. ಎರಡನೇ ಮೈಕಿನದು ಎಂದು ಹೇಳಿ ಕಿವಿ ಸದ್ದು ಕೇಳಿಸಿದ. ಇಲಿಮರಿ ಅಕ್ಕನ ಬೆರಳುಗಳು ಚೀಲದ ಜಿಪ್ಪನ್ನು ಬಿಗಿಯಾಗಿ ಹಿಡಿದವು.

ಒಣ ಕೆಮ್ಮು ಬಂತು. “ನೋಡೀ... ನಾನು ನೇರವಾಗಿ ಹೇಳ್ತೀನಿ. ಚೀಲ ತೆಗೀರಿ ಅಮ್ಮಾ. ಎಲ್ಲರ ಮುಂದೆ.”

“ತೆಗೆಯಲ್ಲ.”

“ತೆಗೀದಿದ್ರೆ ನೀವೇ ಕಳ್ಳಿ ಅಂತಾಯ್ತು. ನಾಳೆಯಿಂದ ಇಲಿಮರಿಗೆ ಬೇರೆಯವರು.”

“ಆಗ್ಲಿ,” ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. ಹದಿನೈದು ವರ್ಷ ಸಾಕಿದ ಇಲಿಮರಿಯನ್ನು ಬಿಟ್ಟುಕೊಡುತ್ತೇನೆ, ಜಿಪ್ಪು ಮಾತ್ರ ಬಿಡುವುದಿಲ್ಲ ಎನ್ನುವ ಹಟ. ಅವಳು ಎದ್ದು ನಿಂತಳು.

“ಕೂತ್ಕೊಳ್ಳಮ್ಮಾ. ಮೊದಲು ನನ್ನ ಚೀಲ.” ಕರಡಿ ಮಾವ ತಮ್ಮ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದರು. ಕನ್ನಡಕ, ಮಾತ್ರೆಯ ಹಾಳೆ, ಬದಲಿಗೆಂದು ಇಟ್ಟ ಪ್ಯಾಂಟು, ಕೊನೆಗೆ ಧೊಪ್ಪೆಂದು ಒಂದು ಪೊಟ್ಟಣ. ದೊಡ್ಡವರ ಡೈಪರ್. ಒಂದನ್ನು ಎಳೆದು, ಮೈಕಿನ ಮುಂದೆ ಹಿಡಿದು ಮಡಚಿದರು.

ಸರ್ರ್.

ಕಿವಿಯ ಕಿವಿ ಕೆಂಪಾಯಿತು. ಅದೇ. ಪ್ಲಾಸ್ಟಿಕ್ಕೂ ಹತ್ತಿಯೂ ಕೂಡಿದ ಅದೇ ಸದ್ದು.

“ಪ್ರಾಸ್ಟೇಟ್ ಆಪರೇಷನ್ ಆದಾಗಿಂದ ಹೀಗೆ,” ಎಂದರು ಮಾವ, ಯಾರನ್ನೂ ನೋಡದೆ. “ಕೆಮ್ಮಿದ್ರೆ ಒಂದು ಹನಿ, ನಕ್ಕರೆ ನಾಲ್ಕು. ಗರ್ಜನೆ ಮಾಡಿದ್ರೆ ಕೇಳ್ಬೇಡಿ. ಕರಡಿ ಇತ್ತೀಚೆಗೆ ಮೆತ್ತಗಾಗಿದೆ ಅಂತ ಬೈತೀರಲ್ಲ ಧಣಿ, ಅದಕ್ಕೇ ಮೆತ್ತಗಾಗಿರೋದು. ಈಗ ಹೇಳಿ, ನನ್ನನ್ನೂ ಕಳ್ಳ ಅಂತೀರಾ?”

ಆಗ ಎರಡನೇ ಮೈಕಿನ ಹತ್ತಿರದಿಂದ ಇಲಿಮರಿಯ ಕೀಚಲು ದನಿ ಬಂತು:

“ಕರಡಿ ಮಾವಾ, ನಿನ್ನ ಗುಹೇನೂ ಸೋರುತ್ತಾ?”

ಕರಡಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಗಿಸ್ಬೇಡ ಮಾರಾಯ್ತಿ, ನಗಿಸ್ಬೇಡ!” ಎನ್ನುತ್ತ ಕಾಲು ಕತ್ತರಿ ಹಾಕಿಕೊಂಡರು. ಅಕ್ಕ ಅಳುತ್ತಲೇ ನಕ್ಕಳು. ಚೀಲ ತೆಗೆಯಲಿಲ್ಲ, ತೆಗೆಯಬೇಕಾಗಿಯೂ ಇರಲಿಲ್ಲ.

ಧಣಿಯೊಬ್ಬರೇ ನಗಲಿಲ್ಲ. “ಸರಿ, ಸರಿ. ಇವರಲ್ಲ ಅಂದ್ರೆ ಇನ್ಯಾರೋ. ಹುಡುಕು ಕಿವಿ,” ಎಂದು ಏಳಲು ನೋಡಿದರು.

ನಾಚಿಕೆಯಿಂದ ತಲೆ ತಗ್ಗಿಸಿದ್ದ ಕಿವಿಗೆ ಅಷ್ಟರಲ್ಲಿ ಏನೋ ಹೊಳೆದಿತ್ತು. ಅವನು ಸಾಬೂನಿನ ಜಾಹೀರಾತನ್ನು ಹಾಕಿದ. ಯಂತ್ರದ ಇಲಿಮರಿ ಕಿರುಚಿ ಜಿಗಿಯಿತು. ಮತ್ತೆ ಹಾಕಿದ. ಮತ್ತೆ.

“ಇದರಲ್ಲಿ ಸರ್ರ್ ಇಲ್ಲ,” ಎಂದ.

“ಇಲ್ದಿದ್ರೆ ಏನೀಗ?” ಎಂದರು ಧಣಿ.

“ಅಕ್ಕನ ದನಿ ತೊಳೆಯದೆ ಹಸಿಯಾಗಿದ್ದಾಗ ಅದರಲ್ಲಿ ಸರ್ರ್ ಇರುತ್ತೆ. ಯಾರಾದ್ರೂ ಈ ಕೋಣೇಲಿ ಕದ್ದು ರೆಕಾರ್ಡ್ ಮಾಡಿದ್ರೆ ಯಂತ್ರಾನೂ ಸರ್ರ್ ಅನ್ನೋದನ್ನ ಕಲೀತಿತ್ತು. ಇದು ನಾನು ತೊಳೆದ ಮೇಲಿನ ದನಿ. ಸಂಗೀತ ಬೆರೆಸದ, ಬರೀ ತೊಳೆದ ದನಿ ಇರೋದು ಒಂದೇ ಕಂಪ್ಯೂಟರಲ್ಲಿ.” ಕಿವಿ ಉಗುಳು ನುಂಗಿದ. ಅವನು ನುಂಗಿದ್ದು ಎಲ್ಲರಿಗೂ ಕೇಳಿತು. “ಅದರ ಪಾಸ್‌ವರ್ಡ್ ಇರೋದು ನನ್ನ ಹತ್ರ. ಮತ್ತೆ ನಿಮ್ಮ ಹತ್ರ.”

ಒಣ ಕೆಮ್ಮು ಬಂತು. ಅದರ ಹಿಂದೆ ಬರಬೇಕಾದ ‘ನೋಡೀ’ ಬರಲಿಲ್ಲ.

“ಒಂದ್ನಿಮಿಷ. ಬಂದೆ,” ಎಂದು ಧಣಿ ಬಾಗಿಲು ತಳ್ಳಿಕೊಂಡು ಹೊರಟರು.

“ಪಾಪ, ಅವಸರ ನೋಡಿದ್ರೆ ಅವರಿಗೂ ನಮ್ಮ ಥರಾನೇ ಏನೋ,” ಎಂದರು ಮಾವ. ಆಮೇಲೆ ಅಕ್ಕನ ಕಡೆ ತಿರುಗಿದರು. “ಡಾಕ್ಟರ ಹತ್ರ ಹೋದ್ಯಾ?”

“ಏನಂತ ಹೋಗ್ಲಿ? ನೀರು ಕುಡಿಯೋದು ಬಿಟ್ಟಿದ್ದೀನಿ.”

“ಅದೇ ತಪ್ಪು. ನಾನೂ ಬಿಟ್ಟು ನೋಡಿದೆ, ಉರಿ ಹತ್ಕೊಂಡು ಇನ್ನೂ ಜಾಸ್ತಿ ಆಯ್ತು. ಬಿಗಿ ಹಿಡಿದು ಬಿಡೋ ವ್ಯಾಯಾಮ ಇದೆ, ಕಲಿಸ್ಕೊಡ್ತಾರೆ. ನಂದು ಎಷ್ಟೋ ವಾಸಿ ಈಗ. ರಾತ್ರಿ?”

ಅಕ್ಕ ದನಿ ತಗ್ಗಿಸಿದಳು. “ರಾತ್ರಿ ಎದ್ದು ಹೋಗೋದ್ರೊಳಗೇ ಹಾಸಿಗೆ... ಒಂದು ರೂಮಿಗೆ ಇಬ್ಬರು ಅಂದ್ರಲ್ಲ ಸಿನಿಮಾದವ್ರು.”

“ಅದಕ್ಕೇನಾ ಒಲ್ಲೆ ಅಂದಿದ್ದು? ಒಬ್ಬಳಿಗೇ ಒಂದು ರೂಮು ಕೇಳು, ಕೊಡ್ತಾರೆ. ಇಲಿಮರಿಗೆ ಗೊರಕೆ ಜಾಸ್ತಿ ಅಂತ ಹೇಳು.”

ಅಕ್ಕ ಕಿವಿಯನ್ನು ನೋಡಿದಳು. “ನನ್ನ ಹೆಸರೇ ಕೊಟ್ಟುಬಿಟ್ಟೆ ಅಲ್ವೇನೋ?”

“ಹೂಂ.”

“ಇನ್ಮೇಲೆ ನನ್ನ ಬಾಯಿಗೆ ಮಾತ್ರ ಕಿವಿಗೊಡು. ಅದರ ಕೆಳಗಿಂದು ನಿನಗೆ ಬೇಡ.”

ಕಿವಿ ಆಗಿನಿಂದಲೂ ತೆರೆದ ಬಾಗಿಲ ಕಡೆ ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದ. ಧಣಿಯ ಬೂಟು ಶೌಚಾಲಯದ ಮುಂದೆ ನಿಂತಿರಲಿಲ್ಲ. ಮೆಟ್ಟಿಲಿಳಿದಿತ್ತು, ಬೇಗ ಬೇಗ. ಈಗ ಕಾರಿನ ಬಾಗಿಲು, ಎಂಜಿನ್ನು.

“ಶೌಚಾಲಯಕ್ಕಲ್ಲ,” ಎಂದ.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. “ಹೊಸ ಪಾಸ್‌ವರ್ಡ್ ಹಾಕೋ. ಅವರು ಮನೆ ಮುಟ್ಟಿ ಅಲ್ಲಿಂದ್ಲೇ ಇದನ್ನ ತೆರೆಯೋದ್ರೊಳಗೆ,” ಎಂದಳು ಅಕ್ಕ.

ಕಿವಿ ಕಂಪ್ಯೂಟರಿನ ಮುಂದೆ ಕೂತ. ಅಕ್ಕನೂ ಮಾವನೂ ಹಿಂದಿನಿಂದ ಬಗ್ಗಿ ನೋಡಿದರು. ಅವನ ಎಡಗೈ ತನ್ನಷ್ಟಕ್ಕೆ ತಾನೇ ಎದ್ದು ಕೀಲಿಮಣೆಗೆ ಅಡ್ಡ ಬಂತು.

“ಇನ್ನೂ ನಂಬಿಕೆ ಇಲ್ವೇನೋ?” ಎಂದಳು ಅಕ್ಕ.

ಆ ಕೈ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.